ಮನೆಯ ಸಂಥೆ, ಶಾಲೆಯ ಸಂಥೆ

ನವೆಂಬರ್ ೮, ಶನಿವಾರ

ಬೆಳಗಾವಿಯಿಂದ ಬಂದು ಸೀರೆಯನ್ನೂ ಬದಲಿಸದೆ ಬರೆಯಲು ಕೂತಿದ್ದೇನೆ. ಸಿಟ್ಟು ಆರುವ ಮೊದಲೇ ಬರೆದಿಡಬೇಕು. ಆರಿದ ಮೇಲೆ ನಾನು ಎಲ್ಲರನ್ನೂ ಮಾಫ್ ಮಾಡಿಬಿಡುವ ಪೈಕಿ.

ಇವತ್ತು ಅಂತರಶಾಲಾ ಇಂಗ್ಲಿಷ್ ಪದಸ್ಪರ್ಧೆ. ನಮ್ಮ ಬೈಲಹೊಂಗಲದ ಕನ್ನಡ ಮಾಧ್ಯಮದ ಹುಡುಗಿ, ಹತ್ತನೆಯ ತರಗತಿಯ ಪೂನಮ್, ಬೆಳಗಾವಿಯ ಇಂಗ್ಲಿಷ್ ಮಾಧ್ಯಮದ ಮಕ್ಕಳನ್ನೆಲ್ಲ ಹಿಂದೆ ಹಾಕಿ ಕೊನೆಯ ಮೂವರಲ್ಲಿ ನಿಂತಿದ್ದಳು. ಗೆದ್ದವರು ರಾಜ್ಯಮಟ್ಟಕ್ಕೆ. ಕೊನೆಯ ಸುತ್ತಿನ ವಿಷಯ ಏನೆಂದರೆ ಯೋಚಿಸುವುದು, ತಿಳಿಯುವುದು, ಅರಿಯುವುದು ಇವಕ್ಕೆ ಸಂಬಂಧಿಸಿದ ಇಂಗ್ಲಿಷ್ ಪದಗಳು, ಅವುಗಳ ಗ್ರೀಕ್ ಮತ್ತು ಲ್ಯಾಟಿನ್ ಬೇರುಗಳು. ಕೇಳಿದ ಕೂಡಲೇ ನಾನು ಕುರ್ಚಿಯಲ್ಲಿ ಎರಡು ಇಂಚು ಎದ್ದೆ. ಇದು ನೇಸರಗಿಯ ಸಾಲಿಯಲ್ಲಿ ಇಂಗ್ಲಿಷ್ ಕಲಿಸಿದ ಕೃಷ್ಣಾಜಿ ಸರ್ ನಮಗೆ ಬಾಯಿಪಾಠ ಮಾಡಿಸಿದ ವಿಷಯ, ನಾನು ನನ್ನ ಮಕ್ಕಳಿಗೆ ಮಾಡಿಸಿದ ವಿಷಯ. ತಾಯಾಣೆ, ಪದಕ ನಮ್ಮ ಕೈಗೆ ಬಂತು ಅಂದುಕೊಂಡೆ.

'ಇಂಟೆಲಿಜೆಂಟ್' ಪದದ ಮೂಲ ಯಾವುದು ಎಂದು ಕೇಳಿದರು. ಪೂನಮ್ ತಡವರಿಸಲಿಲ್ಲ. "ಅಂತರ್ಲೇಖ. ಒಳಗೆ ಬರೆದದ್ದು. ಅದೇ ಇಂಟಲೆಕ್ಟ್ ಆತು" ಎಂದಳು. ತೀರ್ಪುಗಾರರು ಮೂವರೂ ಮುಖ ಮುಖ ನೋಡಿಕೊಂಡರು. ಒಬ್ಬ ನಕ್ಕ. ಅವನು ನಕ್ಕದ್ದು ನೋಡಿ ಸಭೆಯೂ ನಕ್ಕಿತು. ನಡುವೆ ಕೂತಿದ್ದ ಹೆಂಗಸು ಮಾತ್ರ ಮೆತ್ತಗೆ, "ಇದನ್ನ ಯಾರು ಕಲಿಸಿದ್ರಮ್ಮಾ?" ಎಂದು ಕೇಳಿದಳು. ಪೂನಮ್ ಬೆರಳು ಮಾಡಿ ತೋರಿಸಿ, "ನಮ್ಮ ಮಹಾನಂದಾ ಮಿಸ್" ಎಂದಳು. ಇಡೀ ಸಭೆ ತಿರುಗಿ ನನ್ನನ್ನು ನೋಡಿತು.

ಪೂನಮ್‌ಳ ಅಪ್ಪ ಹಣಮಂತಪ್ಪ ನನ್ನ ಪಕ್ಕದಲ್ಲೇ ಇದ್ದ. ಪೇಟೆಯಲ್ಲಿ ಟೇಲರ್. ಮಗಳಿಗೆ ಈ ದಿನಕ್ಕೆಂದೇ ಹೊಸ ಯೂನಿಫಾರ್ಮ್ ಹೊಲಿದಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಮಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನೇಸರಗಿ ದಾಟಿದ ಮೇಲೆ ನಾನೇ ಹೇಳಿದೆ: "ನಿಮ್ಮ ಹುಡುಗಿ ಹೇಳಿದ್ದು ಬರೋಬರಿ ಐತ್ರಿ. ತಪ್ಪಿದ್ದು ಅವರು. ನಾ ಇದನ್ನ ಸಾಬೀತು ಮಾಡಿ ತೋರಸ್ತೇನಿ."

ಅವನು, "ನೀವು ಹೇಳಿದ ಮ್ಯಾಲ ಇನ್ನೇನೈತ್ರಿ ಮಿಸ್" ಎಂದ. ಕಿಟಕಿಗೆ ತಲೆ ಕೊಟ್ಟಿದ್ದ ಪೂನಮ್ ಆಗಲೇ ನನ್ನ ಕಡೆ ತಿರುಗಿದ್ದು.

ನವೆಂಬರ್ ೧೦, ಸೋಮವಾರ

ಸ್ಪರ್ಧೆ ನಡೆಸಿದವರಿಗೆ ಫೋನ್ ಮಾಡಿ ಜಗಳಾಡಿದೆ. ತಿಂಗಳ ಕೊನೆಯೊಳಗೆ ಆಧಾರ ಕೊಟ್ಟರೆ, ಬಲ್ಲವರೊಬ್ಬರು ಸಹಿ ಮಾಡಿದರೆ, ಮತ್ತೆ ನೋಡುತ್ತಾರಂತೆ. ಬಲ್ಲವರು! ನಮ್ಮ ಸರ್‌ಗಿಂತ ಬಲ್ಲವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ? ಸಂಸ್ಕೃತ ಮನೆತನದ ವಿದ್ಯೆ, ಇಂಗ್ಲಿಷ್ ನೌಕರಿ, ಗ್ರೀಕ್ ಲ್ಯಾಟಿನ್ ಹವ್ಯಾಸ. ಅವರ ಒಂದು ಸಹಿ ಬಿದ್ದರೆ ಆ ನಕ್ಕವನು ಬಾಯಿ ಮುಚ್ಚಬೇಕು.

ಟೀಚರುಗಳ ಕೋಣೆಯಲ್ಲಿ ಎಲ್ಲರ ಮುಂದೆ ಸರ್ ಬಗ್ಗೆ ಹೇಳಿದೆ. ನೂರು ಸಲ ಹೇಳಿದ್ದೇನೆ, ನೂರೊಂದನೆಯದೂ ಹೇಳಿದೆ. ನೇಸರಗಿಯ ಸಾಲಿಯಲ್ಲಿ ನಾವು ಎಂಟನೆಯ ತರಗತಿಗೆ ಬಂದಾಗ ಇಂಗ್ಲಿಷ್ ಅಂದರೆ ಜ್ವರ ಬರುತ್ತಿತ್ತು. ಸರ್ ಪುಸ್ತಕ ಮುಚ್ಚಿಸಿ ಸಂಥೆ ಶುರು ಮಾಡಿದರು. ಅವರ ಮನೆಯಲ್ಲಿ ಮಂತ್ರ ಕಲಿಸುವ ರೀತಿ ಅದು. ಗುರು ಒಮ್ಮೆ ಹೇಳಬೇಕು, ಶಿಷ್ಯರು ಅದನ್ನೇ, ಅದೇ ರಾಗದಲ್ಲಿ, ಎರಡು ಸಲ ಹೇಳಬೇಕು. ಬರೆದುಕೊಳ್ಳುವ ಹಾಗಿಲ್ಲ. ಸರ್ ಅದನ್ನು ಇಂಗ್ಲಿಷಿಗೆ ತಂದರು. "ಜ್ಞಾನವೇ ಗ್ನೋಸಿಸ್, ಡಯಾಗ್ನೋಸಿಸ್, ಅಗ್ನಾಸ್ಟಿಕ್." "ಮನವೇ ಮೆನ್ಸ್, ಮೆಂಟಲ್, ಕಾಮೆಂಟ್." "ಅಂತರ್ಲೇಖವೇ ಇಂಟಲೆಕ್ಟ್, ಒಳಗೆ ಬರೆದದ್ದು." "ಶಾಸ್ತ್ರವೇ ಸೈನ್ಸ್, ಬಲ್ಲವರು ಬರೆದದ್ದು." ಬೀಸುವ ಕಲ್ಲಿನ ಮುಂದೆ ಕೂತು ನಾನು ಅದನ್ನೇ ಹಾಡಿಕೊಂಡು ಜೋಳ ಬೀಸಿದ್ದೇನೆ. ಅವ್ವ ಕೂಡ ದನಿಗೂಡಿಸುತ್ತಿದ್ದಳು, ಅರ್ಥ ಯಾವ ದೇವರಿಗೆ ಗೊತ್ತಿತ್ತೋ.

ಹತ್ತು ಮುಗಿದಾಗ ಅಪ್ಪ ಸಾಲಿ ಬಿಡಿಸಿ ಲಗ್ನದ ಮಾತು ತೆಗೆದಿದ್ದರು. ಸರ್ ನಮ್ಮ ಕಟ್ಟೆಯ ಮೇಲೆ ಬಂದು ಕೂತು, "ಗೌಡ್ರ, ಈ ಹುಡುಗಿ ಭಾಳ ದೂರ ಹೋಗ್ತಾಳ, ನನ್ನ ಮಾತು ಕೇಳ್ರಿ" ಎಂದರು. ಆ ಒಂದು ಮಾತಿನಿಂದ ನಾನು ಇವತ್ತು ಟೀಚರ್.

ಒಂಬತ್ತನೆಯ ತರಗತಿಯಲ್ಲಿ ಒಂದು ಹುಡುಗ ಎದ್ದು, "ಖರೇನ ಹಂಗ ಐತೇನ್ರಿ ಮಿಸ್? ಬೆಳಗಾವ್ಯಾಗ ತಪ್ಪು ಅಂದ್ರಂತಲ್ರಿ" ಎಂದ. "ಸರ್ ಹೇಳ್ಯಾರ ಅಂದ ಮ್ಯಾಲ ಖರೇನ. ಕುಂದ್ರು" ಎಂದೆ. ಕೂತ.

ನವೆಂಬರ್ ೧೨, ಬುಧವಾರ

ಸರ್‌ಗೆ ಫೋನ್ ಮಾಡಿದೆ. ಸವದತ್ತಿಯಲ್ಲಿ ಮನೆತುಂಬ ಗಡಿಬಿಡಿಯಂತೆ. ಈ ತಿಂಗಳ ಮೂವತ್ತಕ್ಕೆ ಅವರಿಗೆ ಎಂಬತ್ತೊಂದು ತುಂಬಿದ ಶಾಂತಿ, ಅದೇ ದಿನ ನಮ್ಮಂಥ ಹಳೆಯ ವಿದ್ಯಾರ್ಥಿಗಳ ಗುರುವಂದನೆ.

ಪೂನಮ್ ವಿಷಯ ಹೇಳಿದೆ. ನಗುತ್ತಾರೆ, ಆ ತೀರ್ಪುಗಾರರಿಗೆ ನಾಲ್ಕು ಮಾತು ಬೈಯುತ್ತಾರೆ ಅಂದುಕೊಂಡಿದ್ದೆ. ಬದಲಿಗೆ, "ಹೋಗ್ಲಿ ಬಿಡವಾ. ಸ್ಪರ್ಧಾ ಅಂದ ಮ್ಯಾಲ ಸೋಲು ಇರೂದ" ಎಂದರು.

"ಸೋತಿಲ್ರಿ ಸರ್, ಸೋಲಿಸ್ಯಾರ. ನೀವೊಂದು ಸಹಿ ಹಾಕ್ರಿ ಸಾಕು."

"ಕಣ್ಣು ಸರಿ ಕಾಣಸೂದಿಲ್ಲ ನನಗ. ಆಮ್ಯಾಲ ನೋಡೂಣಂತ."

ವಯಸ್ಸಾಯಿತು ಪಾಪ. ಭಾನುವಾರ ನಾನೇ ಹೋಗಿ ಬರುತ್ತೇನೆ.

ನವೆಂಬರ್ ೧೬, ಭಾನುವಾರ

ಹೇಗೆ ಬರೆಯಲಿ?

ಬಸ್ಸಿನ ತುಂಬ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು. ಒಬ್ಬಾಕೆ ನನ್ನ ಹಣೆಗೆ ಭಂಡಾರದ ಅರಿಶಿನ ಹಚ್ಚಿ, "ಎಲ್ಲಿಗ್ರಿ ಅಕ್ಕಾರ?" ಎಂದರೆ, "ನಮ್ಮ ಗುರುಗಳ ದರ್ಶನಕ್ಕರಿ" ಎಂದೆ. ಎಷ್ಟು ಜಂಬದಿಂದ ಹೇಳಿದೆ!

ಸರ್ ಸ್ನಾನಕ್ಕೆ ಹೋಗಿದ್ದರು. ಅವರ ಹೆಂಡತಿ ಲೀಲಾಬಾಯಿ ಅಮ್ಮ ಅವಲಕ್ಕಿ ಕೊಟ್ಟು ಒಳಗೆ ಕೂರಿಸಿದರು. ಪಡಸಾಲೆಯಲ್ಲಿ ಮೊಮ್ಮಗಳು ಹರಿಪ್ರಿಯಾ ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ದೀಪದ ಸಮೆಗಳನ್ನು ತಿಕ್ಕುತ್ತಿದ್ದಳು. ಧಾರವಾಡದಲ್ಲಿ ಪ್ರೊಫೆಸರ್ ಆಗಿರುವ, ಸರ್ ಮಗ ಅಭಯನ ಮಗಳು, ಪಿಯುಸಿಗೆ ಅಜ್ಜನ ಮನೆಯಲ್ಲೇ ಇದ್ದಾಳೆ. ಅಭಯ ನನ್ನ ಜೊತೆಗೇ ನೇಸರಗಿಯಲ್ಲಿ ಓದಿದವನು, ಪಕ್ಕದ ಸಾಲಿನ ಹುಡುಗ. ನಾನೂ ಒಂದು ಸಮೆ ತಗೊಂಡು ತಿಕ್ಕತೊಡಗಿದೆ.

ಹುಡುಗಿ ತಿಕ್ಕುತ್ತ ಗುನುಗುತ್ತಿದ್ದಳು. ಅದೇ ರಾಗ! "ಜ್ಞಾನವೇ ಗ್ನೋಸಿಸ್" ಎಂದಳು. ನಾನು ರೂಢಿಯ ಮೇಲೆ ಎರಡು ಸಲ ಹೇಳಿದೆ. ಹುಡುಗಿಗೆ ಖುಷಿಯಾಯಿತು. "ಮನವೇ ಮೆನ್ಸ್" ಎಂದಳು. ಅದನ್ನೂ ಎರಡು ಸಲ ಹೇಳಿದೆ. ಮುಂದಿನದಕ್ಕೆ ನಾನು ಕಾಯಲಿಲ್ಲ, "ಅಂತರ್ಲೇಖವೇ ಇಂಟಲೆಕ್ಟ್" ಎಂದು ನಾನೇ ಎತ್ತಿಕೊಂಡೆ. ಅವಳ ಬಾಯಲ್ಲಿ ಬೇರೆ ಬಂತು.

"ಇಂಟರ್ ಅಂದರೆ ನಡುವೆ, ಲೆಗೆರೆ ಆರಿಸುವುದು."

ನಾನು ಕೈ ನಿಲ್ಲಿಸಿದೆ. "ಏನಂದಿ?"

"ಲ್ಯಾಟಿನ್ ರೀ ಅಕ್ಕಾ. ನಾಲ್ಕರ ನಡುವೆ ಒಂದನ್ನ ಆರಿಸಲಿಕ್ಕೆ ಬಂತಂದ್ರ ಅದು ಬುದ್ಧಿ. ಅದಕ್ಕ ಇಂಟೆಲಿಜೆಂಟ್." ಆಮೇಲೆ ಅವಳಿಗೇ ಹೊಳೆದು ನಕ್ಕಳು. "ಓ, ನೀವು ಸಾಲೀ ಸಂಥಿ ಅನ್ನಲಿಕ್ಕೆ ಹತ್ತೀರಿ. ಇದು ಮನೀ ಸಂಥಿ."

"ಹಂಗಂದ್ರ?"

"ಅಜ್ಜ ಸಾಲ್ಯಾಗ ಹೇಳತಿದ್ದದ್ದು ಬ್ಯಾರೆ ಅಲ್ರಿ? ಸಾಲೀ ಮಕ್ಕಳಿಗೆ ಹಗುರಾಗ್ಲಿ ಅಂತ ಅಜ್ಜ ತಾನ ಕಟ್ಟಿದ್ದು. ಅಪ್ಪಾ ಸಣ್ಣಾಂವ ಇದ್ದಾಗ ಮನ್ಯಾಗ ಇದನ್ನ ಅನ್ನೋದು, ಸಾಲ್ಯಾಗ ನಿಮ್ಮ ಜೋಡಿ ಅದನ್ನ ಅನ್ನೋದು. ಅದನ್ನ ನೆನಸಿ ಈಗೂ ನಗತಿರ್ತಾನ. ಅಂತರ್ಲೇಖ ಅಂದ್ರ ನಮ್ಮ ಮನ್ಯಾಗ ಎಲ್ಲಾರಿಗೂ ನಗೀರಿ."

ಹುಡುಗಿಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮುಂದಿನ ಸಾಲುಗಳನ್ನೂ ಹೇಳು ಎಂದೆ. ಹೇಳಿದಳು. "ಸ್ಕೀರೆ ಅಂದರೆ ತಿಳಿಯುವುದು, ಅದರಿಂದ ಸೈನ್ಸ್." "ಪುತಾರೆ ಅಂದರೆ ಸವರುವುದು, ಸವರಿ ಎಣಿಸುವುದು, ಎಣಿಸಿ ಯೋಚಿಸುವುದು." ಈ ಪುತಾರೆ ನಮ್ಮ ಸಂಥೆಯಲ್ಲಿ ಇರಲೇ ಇಲ್ಲ. ಬಳ್ಳಿಯ ಬೇಡದ ಕುಡಿ ಸವರಿ ಹಾಕುವ ಮಾತೇ ಮುಂದೆ ಯೋಚಿಸುವ ಮಾತಾಯಿತಂತೆ, ಅದರಿಂದಲೇ ಕಂಪ್ಯೂಟರ್ ಬಂತಂತೆ. ಹೊಲದಲ್ಲಿ ಬೆಳೆದ ನಮಗೆ ಇದು ತಿಳಿಯುತ್ತಿರಲಿಲ್ಲವೇ? ಬೇರೆ ಯಾರಿಗೂ ತಿಳಿಯದಷ್ಟು ತಿಳಿಯುತ್ತಿತ್ತು.

ಸರ್ ಬಂದರು. ಒದ್ದೆ ಕೂದಲು, ಹಣೆಗೆ ಗಂಧ. "ಯಾವಾಗ ಬಂದೀವಾ?" ಎಂದರು. ಕಾಲಿಗೆ ಬಿದ್ದೆ. ಸಹಿ ಹಾಕಿಸಬೇಕಾದ ಅರ್ಜಿ ನನ್ನ ಚೀಲದಲ್ಲೇ ಇತ್ತು, ತೆಗೆಯಲಿಲ್ಲ. ತಲೆನೋವು ಎಂದು ಹೇಳಿ ಮುಂದಿನ ಬಸ್ಸು ಹಿಡಿದೆ.

ನವೆಂಬರ್ ೧೭, ಸೋಮವಾರ

ಸಾಲಿಗೆ ಹೋಗಲಿಲ್ಲ. ಜ್ವರ ಎಂದು ಹೇಳಿದೆ.

ನವೆಂಬರ್ ೨೦, ಗುರುವಾರ

ಕಾಲೇಜಿನ ಗ್ರಂಥಾಲಯದಿಂದ ಪದಮೂಲ ಕೋಶ ಎರವಲು ತಂದಿದ್ದೇನೆ. ಎತ್ತಿದರೆ ಕೈ ನೋಯುವಷ್ಟು ದಪ್ಪ. ಒಂದೊಂದೇ ಪದ ತೆಗೆದು ನೋಡುತ್ತಿದ್ದೇನೆ.

ಗ್ನೋಸಿಸ್, ಜ್ಞಾನ: ಖರೆ, ಒಂದೇ ಬೇರಿನವು. ಮೆನ್ಸ್, ಮನಸ್ಸು: ಖರೆ. ಶಾಸ್ತ್ರ, ಸೈನ್ಸ್: ಸುಳ್ಳು. ಅಂತರ್ಲೇಖ: ಹಸಿ ಸುಳ್ಳು. ಥಿಂಕ್ ಮತ್ತು ಚಿಂತೆ: ಸುಳ್ಳು. ಇದನ್ನಂತೂ ಪ್ರತಿ ವರ್ಷ ಮೊದಲ ದಿನವೇ ಹೇಳಿಕೊಡುತ್ತೇನೆ, ಮಕ್ಕಳು ಚಪ್ಪಾಳೆ ಹೊಡೆಯುತ್ತವೆ. ಗ್ರೀಕರ ಸೋಫಿಯಾ, ನಮ್ಮ ಸುಭಾಷಿತ: ಸುಳ್ಳು. ಪೂರ್ತಿ ಸುಳ್ಳಾಗಿದ್ದರೆ ಎತ್ತಿ ಹೊರಗೆ ಎಸೆಯಬಹುದಿತ್ತು. ಹಾಲಿಗೆ ನೀರು ಬೆರೆಸಿದ್ದಾರೆ, ಎಲ್ಲಿ ಹಾಲು ಮುಗಿಯಿತು ಎಲ್ಲಿ ನೀರು ಶುರುವಾಯಿತು ಅಂತ ಈ ವಯಸ್ಸಿನಲ್ಲಿ ನಾನು ಸೋಸುತ್ತ ಕೂಡಬೇಕು.

ನನ್ನ ಯಜಮಾನರು ನಿಜಗುಣಪ್ಪ ಅಂಗಡಿಯಿಂದ ಬಂದವರು ಪುಸ್ತಕ ನೋಡಿ, "ಏನಿದು, ಪಂಚಾಂಗಾ? ಯಾರದರ ಮದಿವಿ ಐತೇನ?" ಎಂದರು. ಎಲ್ಲ ಹೇಳಿದೆ. ಬೀಜ ಗೊಬ್ಬರದ ವ್ಯಾಪಾರಿ, ಅವರ ನ್ಯಾಯ ಅವರದು.

"ಬೀಜ ಖೊಟ್ಟಿ ಇದ್ರ ಬೆಳಿ ಬರತಿದ್ದಿಲ್ಲ. ನಿನ್ನ ಕೈಯಾಗ ಕಲತ ಹುಡುಗರು ಎಷ್ಟು ಮಂದಿ ನೌಕರಿ ಮಾಡಾಕ ಹತ್ಯಾರ, ನೋಡು. ಬೆಳಿ ಬಂದೈತಿ, ಇನ್ನ ಬೀಜದ ಚೀಟಿ ಯಾಕ ನೋಡ್ತಿ?"

"ನಿಮ್ಮ ಅಂಗಡ್ಯಾಗ ಗೌಡ್ರಿಗೊಂದು ಬೀಜ, ಬಡವರಿಗೊಂದು ಬೀಜ ಕೊಡ್ತೀರೇನ್ರಿ?" ಎಂದೆ.

ಅವರಿಗೆ ಸಿಟ್ಟು ಬಂತು. "ಅದೇನ ಮಾತ ಆಡ್ತಿ? ನಮ್ಮಪ್ಪನ ಕಾಲದಿಂದ ಅಂಥಾ ಕೆಲಸ ಮಾಡಿಲ್ಲ ನಾವು" ಎಂದರು. "ಅದನ್ನ ನಾನೂ ಹೇಳಾಕ ಹತ್ತೇನ್ರಿ" ಎಂದೆ. ಅವರು ಪುಸ್ತಕವನ್ನು ನನ್ನ ಕಡೆಗೆ ಸರಿಸಿದರು.

ಅಭಯನ ಮುಖ ಕಣ್ಣ ಮುಂದೆ ಬರುತ್ತದೆ. ನಾವೆಲ್ಲ ಗಂಟಲು ಹರಿಯುವ ಹಾಗೆ 'ಅಂತರ್ಲೇಖ' ಎನ್ನುವಾಗ ಅವನೂ ನಮ್ಮ ಜೊತೆ ಎನ್ನುತ್ತಿದ್ದ. ಎಷ್ಟು ಚೆನ್ನಾಗಿ ಎನ್ನುತ್ತಿದ್ದ! ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು, ನಾವು ಬೇಲಿಗೆ ದಿನಾ ಕೈ ಮುಗಿಯುತ್ತಿದ್ದೆವು.

ನವೆಂಬರ್ ೨೩, ಭಾನುವಾರ

ಮತ್ತೆ ಸವದತ್ತಿಗೆ ಹೋದೆ. ಕೃಷ್ಣಾಜಿಯವರು ಅಂಗಳದ ಬಿಸಿಲಿನಲ್ಲಿ ಆರಾಮ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನನ್ನು ನೋಡಿ, ಹೇಳದೇ ಎಲ್ಲ ತಿಳಿದವರ ಹಾಗೆ, ಒಳಗೆ ಚಹಾ ಹೇಳಿ ಕಳಿಸಿದರು.

"ಪ್ರಿಯಾ ಹೇಳಿದಳು" ಎಂದರು.

"ಸರ್, ಎರಡು ಸಂಥಿ ಯಾಕ ಮಾಡಿದ್ರಿ?"

"ನಿಮ್ಮ ಮನಿಗಳೊಳಗ ಒಂದು ಡಿಕ್ಷನರಿ ಇರಲಿಲ್ಲವಾ. ಲ್ಯಾಟಿನ್ ಅಂದಿದ್ರ ಮರುದಿನ ಅರ್ಧ ವರ್ಗ ಖಾಲಿ ಆಗತಿತ್ತು. ನಿಮಗ ಗೊತ್ತಿದ್ದ ಶಬ್ದಕ್ಕ ಗೊತ್ತಿಲ್ಲದ್ದು ಗಂಟು ಹಾಕಿ ಕೊಟ್ಟೆ. ನೆನಪ ಉಳೀತೋ ಇಲ್ಲೋ, ನೀನ ಹೇಳು."

"ಉಳೀತ್ರಿ. ಅಭಯಗೂ ಹಂಗ ಗಂಟು ಹಾಕಿ ಕೊಡಬೇಕಿತ್ತಲ್ರಿ."

"ಅವನು ಮುಂದ ಓದಾಂವ ಇದ್ದ."

"ನಾನ್ರಿ?"

ಚಹಾ ಬಂತು. ಅವರು ಬಸಿಗೆ ಸುರಿದುಕೊಂಡರು, ಕುಡಿಯಲಿಲ್ಲ. "ಸುಳ್ಳು ಯಾಕ ಹೇಳ್ಲಿ ಮಹಾನಂದಾ. ನೀನು ಇಷ್ಟು ಮುಂದ ಬರತಿ ಅಂತ ನಾ ಅನ್ಕೊಂಡಿರಲಿಲ್ಲ."

ನಾನು ಚಹಾ ಕೆಳಗಿಟ್ಟೆ. "ನಮ್ಮ ಕಟ್ಟಿ ಮ್ಯಾಲ ಕುಂತು ಅಪ್ಪಗ ಹೇಳಿದ್ರೆಲ್ರಿ? ಈ ಹುಡುಗಿ ಭಾಳ ದೂರ ಹೋಗ್ತಾಳ ಅಂತ?"

"ಹಂಗ ಹೇಳಲಿಲ್ಲಂದ್ರ ನಿಮ್ಮಪ್ಪ ಸಾಲಿ ಬಿಡಸ್ತಿದ್ದ. ಇನ್ನೆರಡು ವರ್ಷ ಓದಲಿ, ಲಗ್ನಾ ಸ್ವಲ್ಪ ಮುಂದಕ್ಕ ಹೋಗಲಿ ಅಂತ ಅಂದೆ."

ಅಳು ಬರುತ್ತದೆ ಅಂದುಕೊಂಡೆ, ಬರಲಿಲ್ಲ. "ನಾ ಟೀಚರ್ ಆದ ಮ್ಯಾಲರ ಹೇಳಬೇಕಿತ್ತಲ್ರಿ. ವರ್ಷಾ ದಸರಾಕ್ಕ ಬನ್ನಿ ಕೊಡಾಕ ಬರತಿದ್ನಿ. ಕಾಲಿಗೆ ಬೀಳತಿದ್ನಿ. ಮಕ್ಕಳಿಗೆ ನಿಮ್ಮ ಸಂಥೀನ ಹೇಳಾಕ ಹತ್ತೇನ್ರಿ ಅಂತ ಹೇಳಿದಾಗ ನೀವು ಶಾಬಾಸ್ ಅಂದ್ರಿ."

"ಪ್ರತಿಸಲ ಹೇಳೂಣಂತ ಇದ್ದೆ. ನೀ ಅಷ್ಟು ಪ್ರೀತೀಲೆ ಬರತಿದ್ದಿ, ಹ್ಯಾಂಗ ಹೇಳ್ಲಿ?"

"ಒಂದ ಪಂಕ್ತಿಯೊಳಗ ಕೂಡಿಸಿ ಮಗನ ಎಲಿಗೆ ಒಂದು, ನಮ್ಮ ಎಲಿಗೆ ಒಂದು ಬಡಿಸಿದ್ರಿ ಸರ್. ನಾವು ಎಲಿ ನೆಕ್ಕಿ ಉಂಡಿವಿ. ನೀವು ಕುಂತು ನೋಡಿದ್ರಿ."

ಅವರು ಬಸಿಯನ್ನು ಕೆಳಗಿಟ್ಟರು. ಬಾಗಿಲಲ್ಲಿ ಲೀಲಾಬಾಯಿ ಅಮ್ಮ ನಿಂತಿದ್ದರು, ಎಷ್ಟು ಕೇಳಿಸಿಕೊಂಡರೋ. "ಊಟ ಮಾಡಿ ಹೋಗ ಮಹಾನಂದಾ" ಎಂದರು. ಹಸಿವಿಲ್ಲ ಎಂದೆ. ಅದು ಸುಳ್ಳಲ್ಲ.

ಹಸಿವಿಲ್ಲದ ಹೊಟ್ಟೆಯಲ್ಲೇ ಮನೆಗೆ ಬಂದು ರೊಟ್ಟಿ ಬಡಿದೆ. ಒಂದೂ ಉಬ್ಬಲಿಲ್ಲ.

ನವೆಂಬರ್ ೨೪, ಸೋಮವಾರ

ಹಣಮಂತಪ್ಪನ ಅಂಗಡಿಗೆ ಹೋಗಿ, ಪೂನಮ್‌ಳನ್ನೂ ಕರೆದು ಕೂರಿಸಿಕೊಂಡು ಹೇಳಿದೆ. ಅರ್ಜಿ ಕೊಡುವುದಿಲ್ಲ, ತೀರ್ಪುಗಾರರು ಸರಿ, ನಾನು ಕಲಿಸಿದ್ದು ತಪ್ಪು. ಬೇರೆಯವರು ನನಗೆ ತಪ್ಪು ಹೇಳಿಕೊಟ್ಟಿದ್ದರು ಎಂದೂ ಹೇಳಿದೆ, ಯಾರೆಂದು ಹೇಳಲಿಲ್ಲ.

ಹಣಮಂತಪ್ಪ ಮಿಷನ್ನಿನ ಮೇಲಿನಿಂದ ಕಾಲು ತೆಗೆದು, "ಹೋಗ್ಲಿ ಬಿಡ್ರಿ ಮಿಸ್, ಮನಷ್ಯಾರು ಅಂದ ಮ್ಯಾಲ ತಪ್ಪತಾರ" ಎಂದ. ದೊಡ್ಡ ಮನಸ್ಸು.

ಪೂನಮ್‌ಳದು ಅಷ್ಟು ದೊಡ್ಡ ಮನಸ್ಸಲ್ಲ, ಇರಬೇಕಾಗಿಯೂ ಇಲ್ಲ. ದಾರದ ಉಂಡೆಯನ್ನು ಬೆರಳಿಗೆ ಸುತ್ತುತ್ತ, "ನೀವೂ ಪುಸ್ತಕದಾಗ ನೋಡಿರಲಿಲ್ಲೇನ್ರಿ ಮಿಸ್?" ಎಂದಳು.

"ಇಲ್ಲವಾ."

"ಒಮ್ಮಿನೂ?"

"ಒಮ್ಮಿನೂ ನೋಡಿಲ್ಲ. ನಂಬಿದ್ನಿ."

"ನಾನೂ ಹಂಗ ನಂಬಿದ್ನಿ ರೀ" ಎಂದಳು. ಎದ್ದು ಒಳಗೆ ಹೋದಳು. ಹಣಮಂತಪ್ಪ ಅವಳನ್ನು ಗದರಿಸಲು ಹೋದ, ಬೇಡವೆಂದೆ. ನನಗೆ ಕೃಷ್ಣಾಜಿಯವರ ಮೇಲಿನ ಸಿಟ್ಟು ಅಲ್ಲಿಯೇ ಇನ್ನೊಂದು ಪಟ್ಟು ಹೆಚ್ಚಾಯಿತು. ಈ ಹುಡುಗಿಯ ಮುಂದೆ ಅವರು ನಿಲ್ಲಬೇಕಿತ್ತು, ನಿಂತದ್ದು ನಾನು.

ನವೆಂಬರ್ ೨೭, ಗುರುವಾರ

ತಪ್ಪು ಕಲಿಸಿದ್ದೆ ಎಂದು ತರಗತಿಗಳಲ್ಲೂ ಹೇಳಿದ ಮೇಲೆ ಪಾಠ ಮುಂದೆ ಹೋಗುತ್ತಿಲ್ಲ. ಎಲ್ಲದಕ್ಕೂ ತಕರಾರು. ಆವತ್ತು ಎದ್ದು ಕೇಳಿದ್ದ ಅದೇ ಒಂಬತ್ತನೆಯ ತರಗತಿಯ ಹುಡುಗ ಇವತ್ತು, "ಮಿಸ್, ಪ್ಯಾರನೋಯಾ ಅಂದ್ರ ಏನ್ರಿ, ಅದರ ಬೇರು ಯಾವುದ್ರಿ?" ಎಂದ. ಗೊತ್ತಿಲ್ಲ, ನೋಡೂಣು ಎಂದೆ. ದಪ್ಪ ಪುಸ್ತಕ ಮೇಜಿನ ಮೇಲಿಟ್ಟೆ. ನಾಲ್ಕು ಜನ ಮೇಲೆ ಬಿದ್ದರು. ಗ್ರೀಕಿನಲ್ಲಿ ಪ್ಯಾರಾ ಅಂದರೆ ಆಚೆ, ನೂಸ್ ಅಂದರೆ ಬುದ್ಧಿ. ಬುದ್ಧಿ ತನ್ನ ಜಾಗ ಬಿಟ್ಟು ಆಚೆ ಸರಿದದ್ದು. "ಎಲ್ಲಾರ ಮ್ಯಾಲ ಸಂಶಯ ಬರೋ ರೋಗರಿ ಅದು" ಎಂದು ಒಬ್ಬಳು ಓದಿ ಹೇಳಿದಳು. ನನಗೇ ಬಂದಿದೆ ಆ ರೋಗ ಎಂದು ಹೇಳಬೇಕೆನ್ನಿಸಿತು. ಗಂಟೆ ಹೊಡೆದರೂ ಏಳಲಿಲ್ಲ, ಮುಂದಿನ ತಾಸಿನ ಗಣಿತದ ಮಾಸ್ತರರು ಬಾಗಿಲಲ್ಲಿ ಕಾಯಬೇಕಾಯಿತು. ಮೊದಲು ನನ್ನ ತರಗತಿಯಲ್ಲಿ ಇಂಥ ಗದ್ದಲ ಇರಲಿಲ್ಲ. ಎರಡು ಸಲ ಹೇಳಿ ಎಂದರೆ ಎರಡು ಸಲ ಹೇಳುತ್ತಿದ್ದವು.

ಹತ್ತನೆಯ ತರಗತಿಯಲ್ಲಿ ಪೂನಮ್ ಹಿಂದಿನ ಬೆಂಚಿಗೆ ಹೋಗಿ ಕೂತಿದ್ದಾಳೆ. ಆದರೆ ನಾನು ಅಲ್ಲಿಯೂ ಪುಸ್ತಕ ತೆರೆದಾಗ ನೋಡಲು ಬಂದಿದ್ದಳು. ನನ್ನ ಮುಖ ನೋಡಲಿಲ್ಲ.

ಸಂಜೆ ಗೌರೀಶ ಫೋನ್ ಮಾಡಿದ. ನಮ್ಮ ತರಗತಿಯವನು, ಈಗ ಕಬ್ಬಿನ ದೊಡ್ಡ ಸಾಹುಕಾರ, ಗುರುವಂದನೆಯ ಓಡಾಟವೆಲ್ಲ ಅವನದೇ. "ಮಹಾನಂದಾ, ಭಾಷಣಾ ಗೀಷಣಾ ಏನೂ ಬ್ಯಾಡ. ನೀ ಸಂಥಿ ಹೇಳು, ನಾವೆಲ್ಲಾ ಎರಡೆರಡು ಸಲ ಅಂತೀವಿ. ಸರ್‌ಗೆ ಅದಕ್ಕಿಂತ ದೊಡ್ಡ ಸನ್ಮಾನ ಇಲ್ಲ" ಎಂದ. ನನಗೆ ಆಗುವುದಿಲ್ಲ ಎಂದೆ. "ಯಾಕ?" ಎಂದ. ಹೇಳಬೇಕೆಂದು ಬಾಯಿ ತೆರೆದೆ. ಗೌರೀಶನ ಕಾರಿನ ಗಾಜಿನ ಮೇಲೆ ಇವತ್ತಿಗೂ 'ಶಾಸ್ತ್ರವೇ ಸೈನ್ಸ್' ಎಂದು ಬರೆಸಿದೆ. ಹೇಳಲಿಲ್ಲ.

ಹೋಗುವುದಿಲ್ಲ. ಬರೆದಿಟ್ಟಿದ್ದೇನೆ, ಹೋಗುವುದಿಲ್ಲ.

ನವೆಂಬರ್ ೩೦, ಭಾನುವಾರ

ಹೋದೆ. ನನ್ನ ಗಟ್ಟಿತನ ಇಷ್ಟೇ.

ಶಾಂತಿಯ ಹೋಮ ಮುಗಿದು ಹನ್ನೊಂದು ಗಂಟೆಯ ಗುರುವಂದನೆ ಶುರುವಾಗಿತ್ತು. ಮಂಗಲ ಕಾರ್ಯಾಲಯದ ತುಂಬ ನೇಸರಗಿಯವರು, ಮುನವಳ್ಳಿಯವರು, ರಾಮದುರ್ಗದ ಕಡೆಯ ಹಳೆಯ ಹುಡುಗರು. ತಲೆ ನೆರೆತಿದೆ, ಹೊಟ್ಟೆ ಬಂದಿದೆ, ಆದರೂ ಹುಡುಗರೇ. ಕೃಷ್ಣಾಜಿಯವರು ವೇದಿಕೆಯ ಮೇಲೆ ಹೊಸ ಶಾಲು ಹೊದ್ದು ಕೂತಿದ್ದರು. ಮೊದಲ ಸಾಲಿನಲ್ಲಿ ಅಭಯ, ಅವನ ಪಕ್ಕ ಹರಿಪ್ರಿಯಾ. ಅಭಯ ನನ್ನನ್ನು ನೋಡಿ ಕೈ ಎತ್ತಿದ. ನಾನೂ ಎತ್ತಿದೆ, ಕೈಗೆ ರೂಢಿ ಇರುತ್ತದಲ್ಲ.

ಗೌರೀಶ ಕೇಳಲಿಲ್ಲ ಬಿಡಲಿಲ್ಲ, ನನ್ನ ಹೆಸರು ಕೂಗಿ ಮೈಕ್ ಕೈಗೆ ಕೊಟ್ಟುಬಿಟ್ಟ. ಸಭೆ ಎದ್ದು ನಿಂತಿತು. ಸಂಥೆಯನ್ನು ನಾವು ನಿಂತೇ ಹೇಳುತ್ತಿದ್ದದ್ದು.

"ಜ್ಞಾನವೇ ಗ್ನೋಸಿಸ್" ಎಂದೆ. ಸಭೆ ಎರಡು ಸಲ ಹೇಳಿತು. ಮೈ ಜುಮ್ಮೆಂದಿತು, ಅಲ್ಲವೆಂದರೆ ಸುಳ್ಳಾಗುತ್ತದೆ. "ಮನವೇ ಮೆನ್ಸ್" ಎಂದೆ. ಎರಡು ಸಲ ಹೇಳಿದರು. ಮುಂದಿನದು ಏನು ಹೇಳಬೇಕೆಂದು ನಾನು ನಿಶ್ಚಯ ಮಾಡಿಕೊಂಡು ಹೋಗಿರಲಿಲ್ಲ, ಇದನ್ನು ನನ್ನಷ್ಟಕ್ಕೆ ನಾನು ಬರೆದುಕೊಳ್ಳುತ್ತಿರುವುದರಿಂದ ಸುಳ್ಳು ಹೇಳಬೇಕಾಗಿಲ್ಲ. ಬಾಯಿ ತಾನೇ ಹೇಳಿತು.

"ಇಂಟರ್ ಅಂದರೆ ನಡುವೆ, ಲೆಗೆರೆ ಆರಿಸುವುದು."

ಅರ್ಧ ಸಭೆ ಹಳೆಯದನ್ನು ಎಂದಿತು, ಅರ್ಧ ತಡವರಿಸಿತು. ಎರಡನೆಯ ಸಲಕ್ಕೆ ಎಲ್ಲರೂ ನಾನು ಹೇಳಿದ್ದನ್ನೇ ಹೇಳಿದರು. ಹಾಗೇ ಕಲಿಸಿದ್ದರಲ್ಲ ನಮಗೆ, ಮುಂದೆ ನಿಂತವರು ಹೇಳಿದ್ದನ್ನು ಹೇಳಬೇಕು, ಕೇಳಬಾರದು. ಗೌರೀಶ ನನ್ನ ಕಡೆ ಕಣ್ಣು ಕಿರಿದು ಮಾಡಿ ನೋಡಿದ. ಅಭಯ ತಲೆ ತಗ್ಗಿಸಿದ. ಹರಿಪ್ರಿಯಾ ಮಾತ್ರ ಗಟ್ಟಿಯಾಗಿ, ಖುಷಿಯಿಂದ ಹೇಳುತ್ತಿದ್ದಳು.

"ಸ್ಕೀರೆ ಅಂದರೆ ತಿಳಿಯುವುದು, ಅದರಿಂದ ಸೈನ್ಸ್." ಗೌರೀಶನ ಬಾಯಿ ತೆರೆದೇ ಇತ್ತು. ಆಗ ಪಕ್ಕದಿಂದ ಒಂದು ದನಿ ಕೇಳಿಸಿತು. ಕೃಷ್ಣಾಜಿಯವರು ಹೇಳುತ್ತಿದ್ದರು. ಶಿಷ್ಯರ ಜೊತೆ ಸೇರಿ, ಎರಡು ಸಲ. "ಪುತಾರೆ ಅಂದರೆ ಸವರುವುದು" ಎಂದು ನಾನು ಶುರು ಮಾಡುವಷ್ಟರಲ್ಲಿ ಅವರ ತುಟಿ ನನಗಿಂತ ಮುಂದೆ ಇತ್ತು. ಎಲ್ಲಿಯೂ ತೊದಲಲಿಲ್ಲ, ಒಂದು ಅಕ್ಷರ ತಪ್ಪಲಿಲ್ಲ. ಎಂಬತ್ತೊಂದರ ಬಾಯಲ್ಲಿ ಅಷ್ಟು ಸಲೀಸಾಗಿ ಬರಬೇಕಾದರೆ ಎಷ್ಟು ಹಳೆಯ ಪಾಠವಿರಬೇಕು. ನನ್ನ ಮನಸ್ಸಿನ ಒಂದು ಮೂಲೆಯಲ್ಲಿ, ಬಹುಶಃ ಅವರೂ ತಡವಾಗಿ ತಿಳಿದುಕೊಂಡಿರಬಹುದು, ಬಹುಶಃ ಹುಡುಗಿಗೆ ಏನೋ ತಪ್ಪು ಗೊತ್ತಿರಬಹುದು, ಎಂಬ ಆಸೆ ಇನ್ನೂ ಇತ್ತು ಎಂದು ಕಾಣುತ್ತದೆ. ಅವರೇ ಹೇಳಿದ್ದು, ಅವರ ಬಾಯಿಂದಲೇ ಕೇಳಿದ್ದು, ಆದರೂ ಇತ್ತು. ಅದು ಅಲ್ಲಿ ಮುಗಿಯಿತು.

ಕೊನೆಯ ಸಾಲು ಎರಡೂ ಸಂಥೆಗಳಲ್ಲಿ ಒಂದೇ. 'ಕ್ರೆಡೋ ಅಂದರೆ ನಂಬುತ್ತೇನೆ, ಅದೇ ಬೇರು ಶ್ರದ್ಧೆಗೆ.' ಪುಸ್ತಕದಲ್ಲಿ ನೋಡಿದ್ದೇನೆ, ಇದು ಖರೆ. ಲ್ಯಾಟಿನ್ನಿನ ಕ್ರೆಡೋ, ನಮ್ಮ ಶ್ರದ್ಧೆ, ಎರಡೂ ಒಂದೇ ತಾಯಿಯ ಮಕ್ಕಳು. ಸುಳ್ಳಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಬಾಯಿ ತೆರೆದೆ. ದನಿ ಬರಲಿಲ್ಲ. ಸಭೆ ಕಾಯುತ್ತಿತ್ತು. ಮೈಕಿನಲ್ಲಿ ನನ್ನ ಉಸಿರು ಕೇಳಿಸುತ್ತಿತ್ತು.

ಕೃಷ್ಣಾಜಿಯವರು ಕುರ್ಚಿಯ ಕೈ ಹಿಡಿದು ಎದ್ದರು. ಮೈಕ್ ಇಲ್ಲದೆ, ತೆಳ್ಳಗಿನ ದನಿಯಲ್ಲಿ, ನೇಸರಗಿಯ ಆ ತರಗತಿಯ ಅದೇ ರಾಗದಲ್ಲಿ, ಅವರೇ ಆ ಸಾಲು ಹೇಳಿದರು. ಸಭೆ ಎರಡು ಸಲ ಹೇಳಿತು. ಹೆಂಗಸರು ಕಣ್ಣು ಒರೆಸಿಕೊಂಡರು. ನಾನು ಹೇಳಲಿಲ್ಲ. ಅವರು ನನ್ನ ಕಡೆ ತಿರುಗಿದರು, ಪಾಠ ಒಪ್ಪಿಸದ ಹುಡುಗಿಗಾಗಿ ತಡೆಯುವ ಹಾಗೆ ಸ್ವಲ್ಪ ತಡೆದರು, ನನ್ನೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಮತ್ತೊಮ್ಮೆ ಹೇಳಿದರು.

ಮೈಕನ್ನು ಗೌರೀಶನ ಕೈಗೆ ಕೊಟ್ಟು ಮೆಟ್ಟಿಲಿಳಿದು ಬಂದೆ.